ಕೆಳದವಡೆಯ ಮೋಲಾರ್ ಗುರುತಿಸುವುದು ಹೇಗೆ? ಕಸ್ಪ್ ಎಣಿಸುವುದು ಕೊನೆಗೆ ಇರಲಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮೀಡಿಯಂ ಶಾಲೆಗಳಲ್ಲಿ ಓದಿ ದಂತವೈದ್ಯಕೀಯ ಕೋರ್ಸ್ ಬಿಡಿಎಸ್ ಸೇರಿದ ಮಕ್ಕಳು ಮೊದಲ ವರ್ಷ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪ್ರಾಕ್ಟಿಕಲ್‌ನಲ್ಲಿ ಟ್ರೇ ಮೇಲೆ ಒಂದು ಹಲ್ಲು ಇಟ್ಟಿರುತ್ತಾರೆ. ದವಡೆ ಹಲ್ಲು, ಅಂದರೆ ಮೋಲಾರ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೆಳದವಡೆಯದು ಅಂತಲೂ ಗೊತ್ತಾಗುತ್ತದೆ. ಎಡದ್ದಾ ಬಲದ್ದಾ, ಒಂದನೆಯದಾ ಎರಡನೆಯದಾ ಅನ್ನುವಲ್ಲಿ ಕೈಕೊಡುತ್ತದೆ. ಫೋಟೋ ತೆಗೆದು ಕಳಿಸಿ "ಇದು ಯಾವುದು ಡಾಕ್ಟ್ರೇ?" ಎಂದು ಕೇಳುತ್ತಾರೆ. ಜತೆಗೆ ತಮ್ಮ ಉತ್ತರವನ್ನೂ ಬರೆದಿರುತ್ತಾರೆ. ಆ ಉತ್ತರ ತಪ್ಪಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ಹಲ್ಲು ಕೈಗೆ ಬಂದ ಕೂಡಲೇ ಕಸ್ಪ್ ಎಣಿಸಲು ಶುರು ಮಾಡಿರುತ್ತಾರೆ.

ಕಸ್ಪ್ ಅಂದರೆ ಅಗಿಯುವ ಮೇಲ್ಮೈಯಲ್ಲಿರುವ ದಿಬ್ಬಗಳು. ಹಲ್ಲಿನಲ್ಲಿ ಮೊದಲು ಸವೆಯುವುದು ಅವೇ, ಅವುಗಳ ನಡುವಿನ ಗೀರುಗಳಲ್ಲೇ ಹುಳುಕು ಹಿಡಿಯುವುದು, ಫಿಲ್ಲಿಂಗ್ ಕೂರುವುದೂ ಅಲ್ಲೇ. ಅಷ್ಟೆಲ್ಲ ಕೆಟ್ಟುಹೋಗಬಹುದಾದ ಜಾಗವನ್ನು ಮೊದಲ ಸಾಕ್ಷಿ ಮಾಡಿಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ದವಡೆ ಯಾವುದು, ಹಾಲು ಹಲ್ಲಾ ಕಾಯಂ ಹಲ್ಲಾ, ಕೆನ್ನೆ ಬದಿ ಯಾವುದು, ಮುಂಬದಿ ಯಾವುದು, ಎಡವಾ ಬಲವಾ, ಕೊನೆಗೆ ಎಷ್ಟನೆಯದು. ಒಂದು ಹಂತದ ಉತ್ತರ ಸಿಗದೆ ಮುಂದಿನದಕ್ಕೆ ಹೋಗಬೇಡಿ.

ಮೊದಲು ಬೇಕಾದ ಸಾಮಾನು

ಟೇಬಲ್ ಲ್ಯಾಂಪ್, ಭೂತಗನ್ನಡಿ, ಡೆಂಟಲ್ ಪ್ರೋಬ್ (ಚೂಪು ತುದಿಯ ಲೋಹದ ಕಡ್ಡಿ), ಅಳತೆಗೆ ವರ್ನಿಯರ್ ಕ್ಯಾಲಿಪರ್, ಚೂಪಾದ ಪೆನ್ಸಿಲ್, ಗ್ಲೌಸ್, ಹಲ್ಲನ್ನು ನೆಟ್ಟಗೆ ನಿಲ್ಲಿಸಲು ಒಂದು ತುಂಡು ಮಾಡೆಲಿಂಗ್ ವ್ಯಾಕ್ಸ್. ಇಷ್ಟು ಸಾಕು.

ಲ್ಯಾಂಪ್ ಹಲ್ಲಿನ ನೆತ್ತಿಯ ಮೇಲೆ ಇರಬಾರದು, ಪಕ್ಕದಲ್ಲಿ ತಗ್ಗಿನಲ್ಲಿ ಇರಬೇಕು. ಮೇಲಿನಿಂದ ಬೆಳಕು ಬಿದ್ದರೆ ಹಲ್ಲಿನ ಹೊರಗಿನ ಬಿಳಿ ಪದರ, ಅಂದರೆ ಎನಾಮೆಲ್ ಬರೀ ಹೊಳೆಯುತ್ತದೆ, ಗೀರು ಕಾಣುವುದಿಲ್ಲ. ಪಕ್ಕದಿಂದ ಬಿದ್ದರೆ ಒಂದೊಂದು ಗೀರಿಗೂ ನೆರಳು ಬರುತ್ತದೆ. ನನಗೆ ಬರುವ ಫೋಟೋಗಳಲ್ಲಿ ಅರ್ಧಕ್ಕರ್ಧ ಫ್ಲ್ಯಾಶ್ ಹಾಕಿ ತೆಗೆದವು. ಅದರಿಂದ ಏನೂ ಹೇಳಲಾಗುವುದಿಲ್ಲ.

ಪ್ಲಾಸ್ಟಿಕ್ ಮಾಡೆಲ್ ಹಲ್ಲುಗಳಿಂದ ಶುರು ಮಾಡಬಹುದು. ಆದರೆ ಅವುಗಳಲ್ಲೇ ನಿಂತುಬಿಡಬೇಡಿ. ಮಾಡೆಲ್‌ನಲ್ಲಿ ಎಲ್ಲ ಹಲ್ಲೂ ಪುಸ್ತಕದ ಚಿತ್ರದ ಹಾಗೆ ಇರುತ್ತದೆ. ಪರೀಕ್ಷೆಯ ಟ್ರೇಯಲ್ಲಿ ಇರುವುದು ಯಾರದೋ ಬಾಯಲ್ಲಿ ಮೂವತ್ತು ನಲವತ್ತು ವರ್ಷ ಅಗಿದು ಬಂದ ಹಲ್ಲು.

ಕಿತ್ತ ಹಲ್ಲನ್ನು ಶುದ್ಧ ಮಾಡಿಕೊಳ್ಳುವುದು

ಕಿತ್ತ ಹಲ್ಲನ್ನು ಸೋಂಕಿರುವ ವಸ್ತು ಎಂದೇ ತಿಳಿದು ಮುಟ್ಟಬೇಕು. ಕ್ಲಿನಿಕ್‌ನಿಂದ ಪೇಪರ್‌ನಲ್ಲಿ ಸುತ್ತಿ ತಂದು ಹಾಸ್ಟೆಲ್ ರೂಮಿನ ಮೇಜಿನ ಮೇಲೆ ಇಟ್ಟುಕೊಳ್ಳುವ ಪೈಕಿ ಅಲ್ಲ. ಬೆಳ್ಳಿ ಫಿಲ್ಲಿಂಗ್, ಅಂದರೆ ಅಮಾಲ್ಗಮ್ ಇಲ್ಲದ ಹಲ್ಲಾದರೆ ಆಟೋಕ್ಲೇವ್ ಮಾಡಿಸಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿಮುಕ್ತ ಮಾಡಿಸಿ. ಅಮಾಲ್ಗಮ್ ಇದ್ದರೆ ಆಟೋಕ್ಲೇವ್‌ಗೆ ಹಾಕಲೇಬಾರದು, ಬಿಸಿಗೆ ಪಾದರಸದ ಆವಿ ಬರುತ್ತದೆ. ಅಂಥದ್ದನ್ನು 10% ಫಾರ್ಮಲಿನ್‌ನಲ್ಲಿ 2 ವಾರ ಮುಳುಗಿಸಿಡಬೇಕು. ಫಾರ್ಮಲಿನ್ ಕೆಲಸವನ್ನು ಕಾಲೇಜಿನ ಲ್ಯಾಬ್‌ನಲ್ಲೇ, ಗಾಳಿಯಾಡುವ ಕಡೆ ಮಾಡಿ. ಅದಕ್ಕೆ ಬ್ಲೀಚ್ ಬೆರೆಸಬೇಡಿ.

ಬೇರು ಶುರುವಾಗುವ ಜಾಗ, ಅಂದರೆ ಕತ್ತಿನ ಸುತ್ತ ಕಟ್ಟಿದ ಪಾಚಿಯನ್ನು, ಗಟ್ಟಿ ಕಲ್ಲಿನಂಥ ಕ್ಯಾಲ್ಕ್ಯುಲಸ್ಸನ್ನು ಸ್ಕೇಲರ್‌ನಿಂದ ಮೆಲ್ಲನೆ ತೆಗೆಯಿರಿ. ಜೋರಾಗಿ ಕೆರೆದರೆ ಬೇರಿನ ಮೇಲೆ ಗೆರೆ ಬೀಳುತ್ತದೆ, ಆಮೇಲೆ ನೀವೇ ಕೆರೆದ ಗೆರೆಯನ್ನು ಗ್ರೂವ್ (ಹಲ್ಲಿನದೇ ಗೀರು) ಅಂತ ಬರೆಯುತ್ತೀರಿ. ಶುದ್ಧ ಮಾಡಿದ ಹಲ್ಲನ್ನು ನೀರಿನಲ್ಲೇ ಇಡಿ. ಒಣಗಿದರೆ ಬಿರುಕು ಬಿಡುತ್ತದೆ.

ಹಂತ 1: ಇದು ಕೆಳದವಡೆಯದೇ ತಾನೆ?

ಬೇರು ನೋಡಿ. ಕೆಳದವಡೆಯ ಮೋಲಾರ್‌ಗೆ ಎರಡು ಬೇರು, ಒಂದು ಮುಂದೆ, ಒಂದು ಹಿಂದೆ. ಮೇಲ್ದವಡೆಯದಕ್ಕೆ ಮೂರು. ಅದರಲ್ಲಿ ಎರಡು ಕೆನ್ನೆ ಕಡೆ, ಒಂದು ಅಂಗುಳ ಕಡೆ.

ಬೇರು ಮುರಿದಿದ್ದರೆ ಕ್ರೌನ್, ಅಂದರೆ ಬೇರಿನ ಮೇಲಿನ ಎನಾಮೆಲ್ ಹೊದ್ದ ಭಾಗ ನೋಡಿ. ಕೆಳಗಿನದು ಕೆನ್ನೆಯಿಂದ ನಾಲಗೆಗೆ ಇರುವ ಅಗಲಕ್ಕಿಂತ ಮುಂದಿನಿಂದ ಹಿಂದಕ್ಕೆ ಉದ್ದ. ಮೇಲಿನದು ಇದಕ್ಕೆ ತಿರುಗಾಮುರುಗ. ಮೇಲ್ದವಡೆಯ ಹಲ್ಲಿನ ಅಗಿಯುವ ಮೇಲ್ಮೈಯಲ್ಲಿ ಓರೆಯಾಗಿ ಹಾದುಹೋಗುವ ಒಂದು ಏಣು ಇರುತ್ತದೆ, ಕೆಳಗಿನದರಲ್ಲಿ ಅದಿಲ್ಲ.

ಎಚ್ಚರಿಕೆ: ಕೆಲವರ ಕೆಳದವಡೆಯ ಮೊದಲ ಮೋಲಾರ್‌ನಲ್ಲಿ ಹಿಂಬದಿಯ ಬೇರಿನ ಪಕ್ಕ, ನಾಲಗೆ ಕಡೆಗೆ, ಸಣ್ಣದೊಂದು ಮೂರನೇ ಬೇರು ಇರುತ್ತದೆ. ರಾಡಿಕ್ಸ್ ಎಂಟೊಮೊಲಾರಿಸ್ ಎಂದು ಅದರ ಹೆಸರು. ಮೂರು ಬೇರು ಕಂಡ ಕೂಡಲೇ ಮೇಲ್ದವಡೆ ಎಂದು ಬರೆದರೆ ಅಲ್ಲಿಗೆ ಕತೆ ಮುಗಿಯಿತು. ಕ್ರೌನ್ ಏನು ಹೇಳುತ್ತದೆ ಅಂತ ಕೇಳಿ.

ಹಂತ 2: ಹಾಲು ಹಲ್ಲು ಅಲ್ಲ ತಾನೆ?

ಕೆಳದವಡೆಯ ಎರಡನೇ ಹಾಲು ಮೋಲಾರ್ ಥೇಟ್ ಕಾಯಂ ಮೊದಲ ಮೋಲಾರ್‌ನ ತಮ್ಮ. ಅದಕ್ಕೂ ಐದು ಕಸ್ಪ್. ಮೋಸ ಹೋಗುವುದು ಸುಲಭ.

ನಾಲ್ಕು ಗುರುತು ನೋಡಿ. ಬಣ್ಣ ಹಾಲಿನಂತೆ ಬಿಳಿ. ಕ್ರೌನ್ ಗಿಡ್ಡ, ಕತ್ತಿನ ಹತ್ತಿರ ದಾರ ಕಟ್ಟಿ ಬಿಗಿದಂತೆ ಚಿಕ್ಕದಾಗಿರುತ್ತದೆ. ಬೇರುಗಳು ತೆಳು, ಕತ್ತಿನ ಬುಡದಿಂದಲೇ ಕವಲೊಡೆದು ಅಗಲಕ್ಕೆ ಹರಡಿಕೊಳ್ಳುತ್ತವೆ, ಅವುಗಳ ನಡುವೆ ಕಾಯಂ ಹಲ್ಲಿನ ಮೊಳಕೆಗೆ ಜಾಗ ಬೇಕಲ್ಲ! ಕೆನ್ನೆ ಬದಿಯ ಮೂರು ಕಸ್ಪ್‌ಗಳೂ ಹೆಚ್ಚುಕಡಿಮೆ ಒಂದೇ ಗಾತ್ರ. ಕಾಯಂ ಹಲ್ಲಿನಲ್ಲಿ ಮೂರನೆಯದು ಎದ್ದು ಕಾಣುವಷ್ಟು ಚಿಕ್ಕದು. ಇನ್ನು ತಾನಾಗಿ ಬಿದ್ದ ಹಾಲು ಹಲ್ಲಾದರೆ ಬೇರೇ ಇರುವುದಿಲ್ಲ, ಕರಗಿರುತ್ತದೆ.

ಹಂತ 3: ಕೆನ್ನೆ ಬದಿ ಹುಡುಕಿ

ಕಾಲೇಜಿನಲ್ಲಿ ಕೆನ್ನೆ ಬದಿಗೆ ಬಕ್ಕಲ್, ನಾಲಗೆ ಬದಿಗೆ ಲಿಂಗ್ವಲ್ ಎನ್ನುತ್ತಾರೆ. ಮುಂಬದಿ, ಅಂದರೆ ಮುಖದ ನಡುಗೆರೆಯ ಕಡೆಯದು ಮೀಸಿಯಲ್. ಹಿಂಬದಿ ಡಿಸ್ಟಲ್. ಮುಂದೆ ಇವನ್ನೂ ಬಳಸುತ್ತೇನೆ.

ಹಲ್ಲನ್ನು ಬೇರು ಕೆಳಗೆ ಮಾಡಿ ವ್ಯಾಕ್ಸ್‌ನಲ್ಲಿ ನಿಲ್ಲಿಸಿ. ಕ್ರೌನ್ ಬೇರಿನ ಮೇಲೆ ನೆಟ್ಟಗೆ ಕೂತಿರುವುದಿಲ್ಲ. ಹೊಳೆ ಬದಿಯ ತೆಂಗು ನೀರಿನ ಕಡೆ ವಾಲಿದ ಹಾಗೆ ನಾಲಗೆ ಕಡೆ ವಾಲಿರುತ್ತದೆ. ಈ ವಾಲು ಕಾಣಬೇಕಾದರೆ ಹಲ್ಲನ್ನು ಮುಂದಿನಿಂದ ಅಥವಾ ಹಿಂದಿನಿಂದ ನೋಡಬೇಕು. ನೇರ ಮೇಲಿನಿಂದ ನೋಡಿದರೂ ಗೊತ್ತಾಗುತ್ತದೆ: ಕೆನ್ನೆ ಬದಿಯ ಗೋಡೆ ಸಾಕಷ್ಟು ಕಾಣುತ್ತದೆ, ನಾಲಗೆ ಬದಿಯದು ಅಡಗಿರುತ್ತದೆ.

ಎರಡನೇ ಗುರುತು ಉಬ್ಬು. ಕೆನ್ನೆ ಬದಿಯ ಗೋಡೆ ಕತ್ತಿನ ಹತ್ತಿರ ಹೆಚ್ಚು ಉಬ್ಬಿರುತ್ತದೆ. ನಾಲಗೆ ಬದಿಯ ಉಬ್ಬು ಕ್ರೌನ್‌ನ ನಡು ಎತ್ತರದಲ್ಲಿ. ಕಣ್ಣಿಗಿಂತ ಬೆರಳಿಗೆ ಇದು ಬೇಗ ತಿಳಿಯುತ್ತದೆ. ಗ್ಲೌಸ್ ಹಾಕಿದ ಹೆಬ್ಬೆರಳಿನಿಂದ ಎರಡೂ ಗೋಡೆಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಸವರಿ ನೋಡಿ.

ಮೂರನೆಯದು ಸವೆತ. ಬಾಯಿ ಮುಚ್ಚಿದಾಗ ಕೆಳಗಿನ ಮೋಲಾರ್‌ನ ಕೆನ್ನೆ ಬದಿಯ ಕಸ್ಪ್‌ಗಳು ಮೇಲಿನ ಹಲ್ಲಿನ ನಡುವೆ ಹೋಗಿ ಕೂರುತ್ತವೆ. ಭಾರ ಬೀಳುವುದು ಅವುಗಳ ಮೇಲೆ, ಹಾಗಾಗಿ ಅವು ಮೊಂಡಾಗುತ್ತವೆ. ನಾಲಗೆ ಬದಿಯವು ಎತ್ತರ, ಚೂಪು. ನಮ್ಮ ಕಡೆ ವರ್ಷಗಟ್ಟಲೆ ಎಲೆ ಅಡಿಕೆ ಹಾಕಿದ ಅಜ್ಜ ಅಜ್ಜಿಯರ ಹಲ್ಲು ಸಿಕ್ಕಿದರೆ ಅಲ್ಲಿ ಕಸ್ಪ್ ಎನ್ನುವಂಥದ್ದೇ ಉಳಿದಿರುವುದಿಲ್ಲ. ಕಂದು ಕಲೆ ಹಿಡಿದ ಚಪ್ಪಟೆ ಮೇಲ್ಮೈ, ನಡುವೆ ಎನಾಮೆಲ್ ಒಳಗಿನ ಹಳದಿ ಪದರ ಡೆಂಟೀನ್ ಅಷ್ಟೇ. ಆದರೂ ಗಮನಿಸಿ, ಆ ಚಪ್ಪಟೆ ಸಾಮಾನ್ಯವಾಗಿ ಸಮತಟ್ಟಾಗಿರುವುದಿಲ್ಲ. ಕೆನ್ನೆ ಕಡೆಗೆ ಇಳಿಜಾರಾಗಿರುತ್ತದೆ. ಇಂಥ ಹಲ್ಲು ಸಿಕ್ಕರೆ ಬೇಜಾರು ಬೇಡ. ಮುಂದಿನ ಹಂತ ಹೆಚ್ಚಾಗಿ ನಡೆಯುವುದು ಬೇರು ಮತ್ತು ಕತ್ತಿನ ಮೇಲೆ.

ಹಂತ 4: ಮುಂಬದಿ ಹುಡುಕಿ (ಜಾಸ್ತಿ ಜನ ಸೋಲುವುದು ಇಲ್ಲೇ)

ಎಡ ಬಲ ತಪ್ಪಿದೆ ಅಂದರೆ ಮೀಸಿಯಲ್ ಡಿಸ್ಟಲ್ ತಪ್ಪಿದೆ ಎಂದೇ ಬಹುಪಾಲು ಅರ್ಥ. ಆದ್ದರಿಂದ ಇಲ್ಲಿ ಅವಸರ ಮಾಡಬೇಡಿ.

ಹಲ್ಲನ್ನು ಕಣ್ಣಿನ ಎತ್ತರಕ್ಕೆ ತಂದು, ಒಂದು ಬೇರು ನಿಮಗೆ ಎದುರಾಗಿ, ಇನ್ನೊಂದು ಅದರ ಹಿಂದೆ ಬರುವಂತೆ ಹಿಡಿಯಿರಿ. ಎದುರಿನ ಬೇರು ಹಿಂದಿನದನ್ನು ಪೂರ್ತಿ ಮುಚ್ಚಿದೆಯಾ? ಹಾಗಾದರೆ ನೀವು ಮೀಸಿಯಲ್ ಕಡೆಯಿಂದ ನೋಡುತ್ತಿದ್ದೀರಿ. ಎದುರಿನ ಬೇರಿನ ಆಚೀಚೆ ಹಿಂದಿನ ಬೇರಿನ ಅಂಚು ಇಣುಕುತ್ತಿದೆಯಾ? ಹಾಗಾದರೆ ಎದುರಿರುವುದು ಡಿಸ್ಟಲ್. ಮೀಸಿಯಲ್ ಬೇರು ಕೆನ್ನೆಯಿಂದ ನಾಲಗೆಗೆ ಅಗಲವಾಗಿರುತ್ತದೆ, ಡಿಸ್ಟಲ್ ಬೇರು ಸಪೂರ. ಅದಕ್ಕೇ ಹೀಗೆ. ನನಗೆ ಕೇಳಿದರೆ ಎಲ್ಲ ಗುರುತುಗಳಲ್ಲಿ ಹೆಚ್ಚು ನಂಬುವಂಥದ್ದು ಇದೇ. ಕ್ರೌನ್ ಪೂರ್ತಿ ಹುಳುಕಾಗಿದ್ದರೂ ಬೇರು ಉಳಿದಿರುತ್ತದಲ್ಲ.

ಈಗ ಮೀಸಿಯಲ್ ಬೇರಿನ ಮೇಲೆ ಪ್ರೋಬ್‌ನ ತುದಿಯನ್ನು ಅಡ್ಡಕ್ಕೆ ಎಳೆಯಿರಿ. ನಡುವೆ ಉದ್ದಕ್ಕೂ ಒಂದು ತಗ್ಗು ಸಿಗುತ್ತದೆ. ಆ ತಗ್ಗಿನ ಎರಡೂ ಪಕ್ಕದಲ್ಲಿ, ಬೇರಿನ ಒಳಗೆ, ಒಂದೊಂದು ನರದ ಕೊಳವೆ ಇರುತ್ತದೆ. ಮೊದಲ ಮೋಲಾರ್‌ನಲ್ಲಿ ಸಾಮಾನ್ಯವಾಗಿ ಮೂರು ಕೊಳವೆ: ಮೀಸಿಯಲ್ ಬೇರಿನಲ್ಲಿ ಎರಡು, ಡಿಸ್ಟಲ್‌ನಲ್ಲಿ ಒಂದು. ಕೆಲವೊಮ್ಮೆ ಡಿಸ್ಟಲ್‌ನಲ್ಲೂ ಎರಡು ಇರುವುದುಂಟು. ಮುಂದೆ ರೂಟ್ ಕೆನಾಲ್ ಮಾಡುವಾಗ ಇದೇ ತಿಳಿವಳಿಕೆ ಕೈಹಿಡಿಯುತ್ತದೆ.

ಆಮೇಲೆ ಬೇರಿನ ಬಾಗು. ಕೆನ್ನೆ ಬದಿಯಿಂದ ನೋಡಿ. ಮೀಸಿಯಲ್ ಬೇರು ಮೊದಲು ಸ್ವಲ್ಪ ಮುಂದಕ್ಕೆ ಹೊಟ್ಟೆ ಬಿಟ್ಟು, ತುದಿಗೆ ಬರುವಾಗ ಹಿಂದಕ್ಕೆ ಬಾಗುತ್ತದೆ. ಡಿಸ್ಟಲ್ ಬೇರು ಅದಕ್ಕಿಂತ ನೆಟ್ಟಗೆ. ಒಟ್ಟಾರೆ ಬೇರುಗಳ ಒಲವು ಹಿಂದಕ್ಕೆ. ಆದರೆ ಈ ಒಂದು ಗುರುತನ್ನೇ ನಂಬಿ ತೀರ್ಪು ಕೊಡಬೇಡಿ. ತುದಿಗಳು ಚಿತ್ರವಿಚಿತ್ರವಾಗಿ ಬಾಗಿರುವ ಹಲ್ಲುಗಳು ಬೇಕಾದಷ್ಟಿವೆ.

ಬೇರಿನಿಂದ ಕ್ರೌನ್‌ಗೆ ಬನ್ನಿ. ಮೇಲಿನಿಂದ ನೋಡಿದರೆ ಕ್ರೌನ್ ಮುಂದೆ ಅಗಲ, ಹಿಂದಕ್ಕೆ ಹೋದ ಹಾಗೆ ಸ್ವಲ್ಪ ಕಿರಿದು. ಮುಂಬದಿಯ ಅಂಚಿನ ಏಣು ಹಿಂಬದಿಯದಕ್ಕಿಂತ ಎತ್ತರ. ಹಾಗಾಗಿ ಹಲ್ಲನ್ನು ಡಿಸ್ಟಲ್ ಕಡೆಯಿಂದ ನೋಡಿದಾಗ ಅಗಿಯುವ ಮೇಲ್ಮೈ ಜಾಸ್ತಿ ಕಾಣುತ್ತದೆ, ಮೀಸಿಯಲ್ ಕಡೆಯಿಂದ ನೋಡಿದಾಗ ಕಮ್ಮಿ. ಇನ್ನು ಎನಾಮೆಲ್ ಮುಗಿದು ಬೇರು ಶುರುವಾಗುವ ಗೆರೆ. ಮೀಸಿಯಲ್ ಕಡೆ ಅದು ಸುಮಾರು 1 ಮಿಲಿಮೀಟರ್ ಮೇಲಕ್ಕೆ ಕಮಾನಿನಂತೆ ಏರುತ್ತದೆ, ಡಿಸ್ಟಲ್ ಕಡೆ ಹೆಚ್ಚುಕಡಿಮೆ ಸರಳ ರೇಖೆ. ಪಾಚಿ ತೆಗೆಯದಿದ್ದರೆ ಈ ಗೆರೆ ಕಾಣುವುದೇ ಇಲ್ಲ. ಮೊದಲೇ ತೊಳೆಯಿರಿ ಎಂದದ್ದು ಇದಕ್ಕೇ.

ಬೇರಿನ ಅಗಲ, ಬೇರಿನ ಬಾಗು, ಕ್ರೌನ್‌ನ ಆಕಾರ, ಅಂಚಿನ ಎತ್ತರ, ಕತ್ತಿನ ಗೆರೆ. ಇವು ಐದರಲ್ಲಿ ಮೂರಾದರೂ ಒಂದೇ ಕಡೆ ಕೈತೋರಿಸಿದರೆ ಮುಂದಕ್ಕೆ ಹೋಗಿ. ಎರಡು ಈಚೆ, ಎರಡು ಆಚೆ ಅಂತಾದರೆ ಹಂತ 3ಕ್ಕೆ ಹಿಂತಿರುಗಿ. ಅಂಥ ಗೊಂದಲದಲ್ಲಿ ಕೆನ್ನೆ ಬದಿಯೇ ತಪ್ಪಾಗಿ ಗುರುತಾಗಿರುವುದು ಹೆಚ್ಚು.

ಮುಂಬದಿ ಖಚಿತವಾದ ಮೇಲೆ ಆ ಬೇರಿನ ಮೇಲೆ ಪೆನ್ಸಿಲ್‌ನಿಂದ ಸಣ್ಣ ಚುಕ್ಕೆ ಇಡಿ. ಬೇರಿನ ಮೇಲೆಯೇ ಇಡಿ. ಎನಾಮೆಲ್ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಪರೀಕ್ಷೆಯ ಹಲ್ಲಿನ ಮೇಲೆ ಮಾತ್ರ ಏನೂ ಬರೆಯುವ ಹಾಗಿಲ್ಲ, ಅಲ್ಲಿ ನೆನಪಿನಲ್ಲೇ ಇರಲಿ.

ಹಂತ 5: ಎಡವಾ ಬಲವಾ?

ಇದಕ್ಕೆ ಒಂದೇ ಒಂದು ವಿಧಾನ ಸಾಕು. ಹಲ್ಲನ್ನು ಬೇರು ಕೆಳಗೆ ಮಾಡಿ, ಕೆನ್ನೆ ಬದಿ ನಿಮ್ಮ ಮುಖಕ್ಕೆ ಬರುವಂತೆ ಹಿಡಿಯಿರಿ. ಚುಕ್ಕೆ ಇಟ್ಟ ಮೀಸಿಯಲ್ ಬದಿ ನಿಮ್ಮ ಬಲಗೈ ಕಡೆ ಇದ್ದರೆ ಅದು ಬಲ ದವಡೆಯ ಹಲ್ಲು. ಎಡಗೈ ಕಡೆ ಇದ್ದರೆ ಎಡ ದವಡೆಯದು.

ಹೇಗೆ ಅಂತ ಅನುಮಾನ ಬಂದರೆ ರೂಮ್‌ಮೇಟನ್ನು ಎದುರು ಕೂರಿಸಿ ನೋಡಿ. ಅವರ ಬಲಗೆನ್ನೆ ನಿಮ್ಮ ಎಡಗಡೆಗೆ ಬರುತ್ತದೆ. ಆ ಕೆನ್ನೆಯ ಹಲ್ಲುಗಳನ್ನು ಹೊರಗಿನಿಂದ ನೋಡಿದರೆ ಅವರ ಮುಖದ ನಡುಗೆರೆ ನಿಮ್ಮ ಬಲಕ್ಕೆ ಇರುತ್ತದೆ. ಮೀಸಿಯಲ್ ಅಂದರೆ ನಡುಗೆರೆಯ ಕಡೆ. ಲೆಕ್ಕ ಸರಿಯಾಯಿತಲ್ವಾ?

ಇಲ್ಲಿ ಆಗುವ ತಪ್ಪು ಎರಡು. ಒಂದು, ಹಲ್ಲನ್ನು ಬೇರು ಮೇಲೆ ಮಾಡಿ ಹಿಡಿಯುವುದು. ಹಾಗೆ ಹಿಡಿದರೆ ಉತ್ತರ ಪೂರ್ತಿ ಉಲ್ಟಾ ಆಗುತ್ತದೆ. ಬೇರು ಉದ್ದ, ಹಿಡಿಯಲು ಅನುಕೂಲ ಅಂತ ಕೈ ತಾನಾಗಿ ತಿರುಗಿಸಿಬಿಡುತ್ತದೆ. ಎರಡು, ಕೆನ್ನೆ ಬದಿಯ ಬದಲು ನಾಲಗೆ ಬದಿಯನ್ನು ಎದುರು ಹಿಡಿಯುವುದು. ಆಗಲೂ ಉಲ್ಟಾ. ಎರಡೂ ತಪ್ಪು ಒಟ್ಟಿಗೆ ಮಾಡಿದರೆ ಉತ್ತರ ಸರಿ ಬರುತ್ತದೆ, ಅದೇ ದೊಡ್ಡ ಅಪಾಯ. ನನಗೆ ಬರುತ್ತದೆ ಅಂದುಕೊಂಡು ಹೋಗಿ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಸಂಖ್ಯೆ ಬರೆಯುವಾಗ ಎಫ್‌ಡಿಐ ಎಂಬ ಎರಡಂಕಿಯ ಪದ್ಧತಿಯಲ್ಲಿ ಕೆಳಗಿನ ಎಡಕ್ಕೆ 36, 37, 38. ಕೆಳಗಿನ ಬಲಕ್ಕೆ 46, 47, 48. ನಮ್ಮ ಕಾಸರಗೋಡಿನಲ್ಲಿ ಒಬ್ಬರು ಮಲಯಾಳದಲ್ಲಿ ಅಣಪ್ಪಲ್ಲು ಎನ್ನುತ್ತಾರೆ, ಇನ್ನೊಬ್ಬರು ತುಳುವಿನಲ್ಲಿ ಹಲ್ಲಿಗೆ ಕೂಲಿ ಎಂದು, ಕೂಲಿ ನೋಯುತ್ತದೆ ಎನ್ನುತ್ತಾರೆ, ಮತ್ತೊಬ್ಬರು ಕನ್ನಡದಲ್ಲಿ ದವಡೆ ಹಲ್ಲು. ಚಾರ್ಟಿನಲ್ಲಿ ಮಾತ್ರ ಎಲ್ಲರದ್ದೂ ಈ ಆರರಲ್ಲಿ ಒಂದು.

ಹಂತ 6: ಎಷ್ಟನೆಯದು? ಈಗ ಕಸ್ಪ್ ಎಣಿಸಿ

*ಮೊದಲ ಮೋಲಾರ್:* ಐದು ಕಸ್ಪ್. ಕೆನ್ನೆ ಬದಿಯಲ್ಲಿ ಮೂರು, ನಾಲಗೆ ಬದಿಯಲ್ಲಿ ಎರಡು. ಲ್ಯಾಂಪ್ ಪಕ್ಕಕ್ಕೆ ಎಳೆದು ಕೆನ್ನೆ ಬದಿಯ ಗೋಡೆಯನ್ನು ಭೂತಗನ್ನಡಿಯಲ್ಲಿ ನೋಡಿ. ಮೂರು ಉಬ್ಬು, ಅವುಗಳ ನಡುವೆ ಮೇಲಿನಿಂದ ಇಳಿದು ಬರುವ ಎರಡು ಗೀರು. ಮುಂದಿನ ಗೀರು ಗೋಡೆಯ ಅರ್ಧದಷ್ಟು ಕೆಳಗೆ ಬಂದು ಒಂದು ಪುಟ್ಟ ಕುಳಿಯಲ್ಲಿ ನಿಲ್ಲುತ್ತದೆ. ಎಷ್ಟೋ ಸಲ ಆ ಕುಳಿಯಲ್ಲಿ ಕಪ್ಪು ಹುಳುಕು ಕೂತಿರುತ್ತದೆ. ಮುಂದಿನ ಕಸ್ಪ್ ದೊಡ್ಡದು, ನಡುವಿನದು ಅದಕ್ಕಿಂತ ಚಿಕ್ಕದು, ಹಿಂದಿನ ಮೂಲೆಯಲ್ಲಿರುವ ಡಿಸ್ಟಲ್ ಕಸ್ಪ್ ಐದರಲ್ಲೂ ಚಿಕ್ಕದು. ಈ ಡಿಸ್ಟಲ್ ಕಸ್ಪನ್ನೇ ಜನ ಬಿಟ್ಟು ಎಣಿಸುವುದು. ಮೇಲಿನಿಂದ ನೋಡಿದರೆ ಅದು ಅಂಚಿನ ಏಣಿನ ಭಾಗದ ಹಾಗೆ ಕಾಣುತ್ತದೆ. ಆದ್ದರಿಂದ ಕಸ್ಪನ್ನು ಮೇಲಿನಿಂದ ಎಣಿಸಬೇಡಿ, ಕೆನ್ನೆ ಬದಿಯ ಗೀರುಗಳನ್ನು ಎಣಿಸಿ. ಎರಡು ಗೀರು ಇದ್ದರೆ ಆ ಬದಿಯಲ್ಲಿ ಮೂರು ಕಸ್ಪ್.

ನಾಲಗೆ ಬದಿಯಲ್ಲಿ ಒಂದೇ ಗೀರು. ಅದು ಕೆನ್ನೆ ಬದಿಯ ಮುಂದಿನ ಗೀರಿಗೆ ನೇರ ಎದುರಾಗಿ ಸೇರುವುದಿಲ್ಲ, ಸ್ವಲ್ಪ ಹಿಂದೆ ಸೇರುತ್ತದೆ. ಹಾಗಾಗಿ ಅಗಿಯುವ ಮೇಲ್ಮೈಯ ಗೀರುಗಳಲ್ಲಿ ಇಂಗ್ಲಿಷಿನ 'ವೈ' ಅಕ್ಷರದ ಆಕಾರ ಬರುತ್ತದೆ.

ಬೇರುಗಳು ಗಟ್ಟಿಮುಟ್ಟು, ಒಂದರಿಂದ ಒಂದು ದೂರ ಹರಡಿರುತ್ತವೆ. ಕತ್ತಿನಿಂದ ಸುಮಾರು 3 ಮಿಲಿಮೀಟರ್ ಕೆಳಗೇ ಕವಲೊಡೆಯುತ್ತವೆ.

*ಎರಡನೇ ಮೋಲಾರ್:* ನಾಲ್ಕು ಕಸ್ಪ್, ಆಚೆ ಎರಡು ಈಚೆ ಎರಡು. ಕೆನ್ನೆ ಬದಿಯಲ್ಲಿ ಒಂದೇ ಗೀರು. ಅದು ನಾಲಗೆ ಬದಿಯ ಗೀರಿಗೆ ನೇರ ಎದುರಾಗುವುದರಿಂದ ನಡುವೆ ಕೂಡಿಸುವ ಚಿಹ್ನೆಯಂಥ ಆಕಾರ. ಮೇಲಿನಿಂದ ಕ್ರೌನ್ ಆಯತದ ಹಾಗೆ ಕಾಣುತ್ತದೆ, ಅದರಲ್ಲಿ ಕೆನ್ನೆ ಬದಿಯ ಮುಂದಿನ ಮೂಲೆ ಕತ್ತಿನ ಹತ್ತಿರ ಸ್ವಲ್ಪ ಹೆಚ್ಚು ಉಬ್ಬಿರುತ್ತದೆ. ಬೇರುಗಳು ಹತ್ತಿರ ಹತ್ತಿರ, ಎರಡೂ ಒಟ್ಟಿಗೆ ಹಿಂದಕ್ಕೆ ವಾಲಿರುತ್ತವೆ.

*ಮೂರನೆಯದು, ಬುದ್ಧಿ ಹಲ್ಲು:* ಇದಕ್ಕೆ ನಿಯಮ ಕಮ್ಮಿ. ನಾಲ್ಕು ಕಸ್ಪ್ ಇರಬಹುದು, ಐದು ಇರಬಹುದು. ಮೇಲ್ಮೈ ತುಂಬ ಸುಕ್ಕು. ಬೇರು ಗಿಡ್ಡ, ಬಹಳ ಸಲ ಒಂದಕ್ಕೊಂದು ಅಂಟಿಕೊಂಡು ಜೋರಾಗಿ ಹಿಂದಕ್ಕೆ ಬಾಗಿರುತ್ತದೆ.

ಸುಲಭವಾದ ಹಲ್ಲು ಹೀಗೆ. ಕಷ್ಟದ್ದು ಬಂದರೆ? ನಾಲ್ಕೇ ಕಸ್ಪ್ ಇರುವ ಮೊದಲ ಮೋಲಾರ್ ಉಂಟು, ಐದು ಕಸ್ಪ್ ಇರುವ ಎರಡನೆಯದೂ ಉಂಟು. ಕಸ್ಪ್ ಒಂದು ಹೇಳಿ ಬೇರು ಇನ್ನೊಂದು ಹೇಳಿದರೆ ನಾನು ಬೇರಿನ ಮಾತು ಕೇಳುತ್ತೇನೆ. ಹರಡಿದ ಬೇರಾದರೆ ಮೊದಲನೆಯದು, ಹತ್ತಿರ ನಿಂತು ಒಟ್ಟಿಗೆ ವಾಲಿದ್ದರೆ ಎರಡನೆಯದು.

ಇನ್ನೊಂದು ಸಾಕ್ಷಿ ಇದೆ, ಬಹಳ ಮಂದಿ ನೋಡುವುದೇ ಇಲ್ಲ. ಅಕ್ಕಪಕ್ಕದ ಹಲ್ಲುಗಳು ವರ್ಷಗಟ್ಟಲೆ ಉಜ್ಜಿಕೊಂಡು ಮೀಸಿಯಲ್ ಮತ್ತು ಡಿಸ್ಟಲ್ ಗೋಡೆಗಳ ಮೇಲೆ ಸಣ್ಣ ನುಣುಪಾದ ಚಪ್ಪಟೆ ಗುರುತು ಮೂಡಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಷ್ಟು ಜಾಗ ಬೇರೆಯೇ ಥರ ಹೊಳೆಯುತ್ತದೆ. ಡಿಸ್ಟಲ್ ಗೋಡೆಯ ಮೇಲೆ ಅದು ಇದ್ದರೆ ಹಿಂದೆ ಇನ್ನೊಂದು ಹಲ್ಲು ಇತ್ತು ಅಂತಾಯಿತು, ಅಂದರೆ ಇದು ಬುದ್ಧಿ ಹಲ್ಲಾಗುವುದು ಅಪರೂಪದಲ್ಲಿ ಅಪರೂಪ. ಇಲ್ಲದಿದ್ದರೆ ಮಾತ್ರ ಬುದ್ಧಿ ಹಲ್ಲೇ ಎಂದು ತೀರ್ಮಾನಿಸಬೇಡಿ. ಬುದ್ಧಿ ಹಲ್ಲು ಬಾರದವರ ಎರಡನೇ ಮೋಲಾರ್‌ನಲ್ಲೂ ಆ ಗುರುತು ಇರುವುದಿಲ್ಲ.

ಹಂತ 7: ಅಳತೆ, ಮತ್ತೆ ಉತ್ತರ ಬರೆಯುವುದು

ಪಠ್ಯಪುಸ್ತಕಗಳು ಕೊಡುವ ಸರಾಸರಿ ಹೀಗಿದೆ. ಮೊದಲ ಮೋಲಾರ್: ಕ್ರೌನ್ ಎತ್ತರ 7.5 ಮಿಲಿಮೀಟರ್, ಬೇರು 14, ಮುಂದಿನಿಂದ ಹಿಂದಕ್ಕೆ 11, ಕೆನ್ನೆಯಿಂದ ನಾಲಗೆಗೆ 10.5. ಎರಡನೆಯದು: 7, 13, 10.5, 10. ಮೂರನೆಯದು: 7, 11, 10, 9.5, ಇದೇ ಕ್ರಮದಲ್ಲಿ.

ನೋಡಿದಿರಾ, ಕ್ರೌನ್‌ನ ಉದ್ದದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅರ್ಧ ಮಿಲಿಮೀಟರ್ ವ್ಯತ್ಯಾಸ. ದಪ್ಪ ಮೈಕಟ್ಟಿನವರ ಎರಡನೇ ಮೋಲಾರ್ ಸಣ್ಣ ಮೈಕಟ್ಟಿನವರ ಮೊದಲನೆಯದಕ್ಕಿಂತ ದೊಡ್ಡದಿರಬಹುದು. ಹಾಗಾಗಿ ಕ್ಯಾಲಿಪರ್ ಹಿಡಿದು "11 ಬಂತು, ಮೊದಲನೆಯದೇ" ಎನ್ನುವುದು ಬರೀ ಊಹೆ. ಅಳತೆಯನ್ನು ಎರಡು ಕೆಲಸಕ್ಕೆ ಬಳಸಿ. ಕೆನ್ನೆ-ನಾಲಗೆ ಅಳತೆ ಮುಂದು-ಹಿಂದಿನ ಅಳತೆಗಿಂತ ಜಾಸ್ತಿ ಬಂದರೆ ಹಂತ 1ರಲ್ಲೇ ಎಡವಿದ್ದೀರಿ. ಬೇರು ತೀರಾ ಗಿಡ್ಡ ಬಂದರೆ, ತುದಿ ಮುರಿದಿಲ್ಲ ಎಂದು ನೋಡಿಕೊಂಡು, ಬುದ್ಧಿ ಹಲ್ಲಿನ ಕಡೆ ಯೋಚಿಸಿ.

ಉತ್ತರವನ್ನೂ ಹಂತಗಳ ಕ್ರಮದಲ್ಲೇ ಬರೆಯಿರಿ: ಕಾಯಂ, ಕೆಳದವಡೆ, ಬಲ, ಮೊದಲ ಮೋಲಾರ್, 46. ಅದರ ಕೆಳಗೆ ಒಂದೊಂದಕ್ಕೂ ಒಂದು ಕಾರಣ. "ಐದು ಕಸ್ಪ್ ಇದೆ" ಎಂದಷ್ಟೇ ಬರೆದರೆ ಬಲ ಅಂತ ಹೇಗೆ ಗೊತ್ತಾಯಿತು ಎಂದು ಪರೀಕ್ಷಕರು ಕೇಳದೆ ಬಿಡುವುದಿಲ್ಲ.

ಬಾಯೊಳಗೆ ನೋಡುವಾಗ

ಕೈಯಲ್ಲಿ ಹಲ್ಲು ಹಿಡಿದಾಗ ಬೇರು ಸಾಕ್ಷಿ ಹೇಳುತ್ತದೆ. ಬಾಯೊಳಗೆ ಅದು ಕಾಣುವುದಿಲ್ಲ. ಅಲ್ಲಿ ಎಣಿಕೆಯೇ ಆಧಾರ ಎಂದುಕೊಳ್ಳುತ್ತೇವೆ, ಅದೂ ಮೋಸ ಮಾಡುತ್ತದೆ.

ಚಿಕ್ಕಂದಿನಲ್ಲೇ ಮೊದಲ ಮೋಲಾರ್ ಕೀಳಿಸಿದವರಲ್ಲಿ ಎರಡನೆಯದು ಮುಂದಕ್ಕೆ ಸರಿದು, ವಾಲಿ, ಆ ಜಾಗದಲ್ಲಿ ಬಂದು ನಿಂತಿರುತ್ತದೆ. ಮುಂದಿನಿಂದ ಎಣಿಸಿದರೆ ಆರನೆಯದು, ಹಾಗಾಗಿ 36 ಎಂದು ಬರೆಯುತ್ತಾರೆ. ಹಲ್ಲು ಮುಂದಕ್ಕೆ ವಾಲಿದಂತಿದ್ದರೆ, ಕೆನ್ನೆ ಬದಿಯಲ್ಲಿ ಒಂದೇ ಗೀರು ಇದ್ದರೆ, "ಇಲ್ಲಿ ಮೊದಲು ಹಲ್ಲು ಕೀಳಿಸಿದ್ದಿರಾ?" ಎಂದು ಕೇಳಿ. ಕೇಳಿದರೆ ನೆನಪಾಗುತ್ತದೆ, ತಾವಾಗಿ ಯಾರೂ ಹೇಳುವುದಿಲ್ಲ.

ಎಕ್ಸ್‌ರೇ ಫಿಲ್ಮ್ ನೋಡುವಾಗ ಮೂಲೆಯ ಉಬ್ಬಿದ ಚುಕ್ಕೆ ನಿಮ್ಮ ಕಡೆಗಿರಲಿ. ಆಗ ರೋಗಿಯನ್ನು ಎದುರಿನಿಂದ ನೋಡಿದ ಹಾಗಾಗುತ್ತದೆ. ಮಗುಚಿ ಹಿಡಿದರೆ 36 ಹೋಗಿ 46 ಆಗುತ್ತದೆ.

ಎಲ್ಲಕ್ಕಿಂತ ನಷ್ಟ ತರುವ ತಪ್ಪು ಮಕ್ಕಳ ಬಾಯಲ್ಲಿ ಆಗುವುದು. ಮೊದಲ ಮೋಲಾರ್ ಬರುವುದು 6-7ನೇ ವರ್ಷಕ್ಕೆ. ಯಾವ ಹಾಲು ಹಲ್ಲೂ ಬಿದ್ದು ಅದಕ್ಕೆ ಜಾಗ ಕೊಡುವುದಿಲ್ಲ, ಹಾಲು ಹಲ್ಲುಗಳ ಹಿಂದೆ ಸುಮ್ನೆ ಬಂದು ನಿಲ್ಲುತ್ತದೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅದು ಹುಳುಕಾಗಿ ಮಗು ಅತ್ತಾಗ "ಹಾಲು ಹಲ್ಲಲ್ವಾ, ಬಿದ್ದು ಹೋಗುತ್ತದೆ, ಬಿಡಿ" ಎನ್ನುತ್ತಾರೆ. ಆ ಹಲ್ಲು ಬಿದ್ದರೆ ಇನ್ನೊಂದು ಬರುವುದಿಲ್ಲ. ಎರಡನೆಯದು 11-13ಕ್ಕೆ, ಬುದ್ಧಿ ಹಲ್ಲು 17-21ರ ಹೊತ್ತಿಗೆ. ಅವೂ ಹೀಗೆಯೇ ಹಿಂದೆ ಹಿಂದೆ ಬರುವಂಥವು.

ಮಗುವಿನ ಬಾಯಲ್ಲಿ ನಡುಗೆರೆಯಿಂದ ಹಿಂದಕ್ಕೆ ಎಣಿಸಿ. ಒಂದೊಂದು ಬದಿಗೆ ಹಾಲು ಹಲ್ಲು ಐದೇ: ಎರಡು ಬಾಚಿ ಹಲ್ಲು, ಒಂದು ಕೋರೆ ಹಲ್ಲು, ಎರಡು ಮೋಲಾರ್. ಕೆಳಗಿನ ಎಡಕ್ಕೆ 71ರಿಂದ 75, ಬಲಕ್ಕೆ 81ರಿಂದ 85. ಆರನೆಯದು ಕಂಡರೆ ಅದು ಕಾಯಂ. ಚಾರ್ಟಿನಲ್ಲಿ 75ರ ಹಿಂದೆ 36, 85ರ ಹಿಂದೆ 46 ಎಂದು ಬರೆಯಿರಿ. ಗೀರುಗಳು ಆಳವಾಗಿದ್ದು ಇನ್ನೂ ಹುಳುಕು ಹಿಡಿದಿಲ್ಲದಿದ್ದರೆ ಸೀಲೆಂಟ್ (ಗೀರು ಮುಚ್ಚುವ ತೆಳು ಲೇಪ) ಹಾಕುವ ಬಗ್ಗೆ ಅಮ್ಮನಿಗೋ ಅಪ್ಪನಿಗೋ ಅವತ್ತೇ ಹೇಳಿ. ಚೂಪು ಪ್ರೋಬ್ ಚುಚ್ಚಿ ಪರೀಕ್ಷಿಸಬೇಡಿ, ಆಗತಾನೆ ಹುಟ್ಟಿದ ಎನಾಮೆಲ್ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಒಣಗಿಸಿ, ಬೆಳಕು ಬಿಟ್ಟು ನೋಡಿದರೆ ಸಾಕು.